ಮಾವನ ಮೈಗೆ ಇಳಿದ ತಿಳಿ

ನನ್ನ ಮದುವೆ ಮುರಿದು ಬೀಳುವುದರಲ್ಲಿತ್ತು. ಕಾರಣ ಜಾತಕವಲ್ಲ, ಕೊಡುಕೊಳ್ಳುವ ಮಾತಲ್ಲ, ನನ್ನ ಮುಖವೂ ಅಲ್ಲ. ಮುಖದ ಬಗ್ಗೆ ಮಾಡಬೇಕಾದ ಚಿಂತೆಯನ್ನೆಲ್ಲ ನಾನು ಹೆಣ್ಣು ನೋಡಲು ಹೋಗುವ ಮೊದಲೇ ಮಾಡಿ ಮುಗಿಸಿದ್ದೆ. ಕಾರಣ ಒಂದು ಸೀಸೆ ಹಳದಿ ನೀರು.

ಮೊನ್ನೆ ಪರಿಚಯದವರೊಬ್ಬರನ್ನು ನೋಡಲು ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಹೋಗಿದ್ದೆ. ಅವರ ಮಂಚದ ಪಕ್ಕದ ಕಂಬಿಗೆ ಅದೇ ಬಣ್ಣದ ಸೀಸೆ ತೂಗುತ್ತಿತ್ತು. ಈಗ ರಕ್ತದಿಂದ ಅದನ್ನಷ್ಟೇ ಅಲ್ಲ, ಗಾಯದ ಬಾಯಿ ಕಟ್ಟಿಸುವ ಪುಟಾಣಿ ಕಣಗಳನ್ನೂ ಬೇರೆಯಾಗಿ ತೆಗೆದು, ಬೇಕಾದವರಿಗೆ ಬೇಕಾದಷ್ಟೇ ಕೊಡುವುದನ್ನು ಕಲಿತಿದ್ದಾರಂತೆ. ಹಾಗೆಂದು ಅಲ್ಲಿದ್ದ ನರ್ಸು ಹೇಳಿದಳು. ನಾನು ತಲೆಯಾಡಿಸಿದೆ. ಆದರೆ ಕಣ್ಣು ಆ ಸೀಸೆಯ ಮೇಲಿತ್ತು, ಮನಸ್ಸು ಗಣಿ ಸೀಮೆಯ ಊರಿಗಾಂ ಸ್ಟೇಷನ್ನಿನಲ್ಲಿ ಇಳಿದು ಆಗಲೇ ನಡೆಯತೊಡಗಿತ್ತು.

ಆಗ ಯುದ್ಧಕಾಲ. ನಾನು ಚಿನ್ನದ ಗಣಿ ಕಡೆಯ ಒಂದು ಸಣ್ಣ ಆಸ್ಪತ್ರೆಯಲ್ಲಿ ಸೀಸೆ ತೊಳೆಯುವ, ರಬ್ಬರು ಕೊಳವೆ ಕುದಿಸುವ, ಸೂಜಿಗಳ ಮೊನೆ ನೋಡಿ ಎತ್ತಿಡುವ ಕೆಲಸದಲ್ಲಿದ್ದೆ. ನನ್ನ ಊರು ಬಂಗಾರಪೇಟೆಯಿಂದ ಕಾಮಸಮುದ್ರಕ್ಕೆ ಹೋಗುವ ದಾರಿಯಲ್ಲಿ. ಬೆಳಗಾದರೆ ರೈಲು ಸಿಗುತ್ತದೋ ಇಲ್ಲವೋ ಎಂಬ ಚಿಂತೆ. ಸಿಕ್ಕರೆ, ಇದೇ ರೈಲು ಹೌದೋ ಅಲ್ಲವೋ ಎಂಬ ಚಿಂತೆ. ಬಂಗಾರಪೇಟೆಯಿಂದ ಆ ಕಡೆ ಗಣಿಗೆ ಹೋಗುವ ರೈಲು ಇದ್ದದ್ದೇ ಒಂದು ದಾರಿಯಲ್ಲಿ, ಅದು ತಪ್ಪಿ ಇನ್ನೆಲ್ಲಿಗೂ ಹೋಗಲಾರದು. ಆದರೂ ಪಕ್ಕದಲ್ಲಿ ಕೂತವರನ್ನು ಕೇಳುತ್ತಿದ್ದೆ. ಅವರು ತಮಿಳಿನಲ್ಲಿ ಬೈಯುತ್ತಿದ್ದರು. ಆ ಬೈಗುಳ ಕೇಳಿದರೆ ಸಮಾಧಾನ, ಸರಿಯಾದ ರೈಲಿನಲ್ಲೇ ಇದ್ದೇನೆಂದು.

ಆಸ್ಪತ್ರೆಯ ಡಾಕ್ಟರು ಮದರಾಸಿನ ಕಡೆಯವರು. ದೊಡ್ಡ ದನಿ, ದೊಡ್ಡ ನಗು. ಯುದ್ಧದಲ್ಲಿ ಗಾಯಗೊಂಡವರಿಗೆ ರಕ್ತದ ತಿಳಿಯನ್ನು ಏರಿಸಿ ಬದುಕಿಸುತ್ತಿದ್ದಾರೆ ಎಂಬುದನ್ನು ಓದಿದ ಮೇಲೆ ಅವರಿಗೂ ಅದನ್ನು ಮಾಡಿಯೇ ನೋಡಬೇಕೆಂಬ ಹಟ ಹುಟ್ಟಿತು. ಒಂದು ದಿನ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿದರು.

“ಯಾರು ರಕ್ತ ಕೊಡ್ತೀರಪ್ಪಾ? ಸೊಲ್ಪ. ಆಮೇಲೆ ಕಾಪಿ ಕುಡೀಬಹುದು.”

ಎಲ್ಲರೂ ನೆಲ ನೋಡಿದರು. ನಾನು ಕೊಡುವುದಿಲ್ಲ ಎಂದರೆ ಅವರು ಏನಂದುಕೊಳ್ಳುತ್ತಾರೋ ಎಂದು ಚಿಂತೆಯಾಯಿತು. ಕೊಡುತ್ತೇನೆ ಎಂದರೆ ಬದುಕಿರುತ್ತೇನೋ ಇಲ್ಲವೋ ಎಂದು ಚಿಂತೆಯಾಯಿತು. ಎರಡನ್ನೂ ತೂಗುವಷ್ಟರಲ್ಲಿ ಕೈ ತಾನೇ ಮೇಲೆದ್ದಿತ್ತು. ನನ್ನ ಹಿಂದೆ ಕಾಂಪೌಂಡರು, ಆಂಗ್ಲೋ ಇಂಡಿಯನ್ ನರ್ಸಮ್ಮ, ಗೇಟಿನ ಕಾವಲುಗಾರ, ಹೀಗೆ ಕೆಲವರು ಬಂದರು.

ರಕ್ತ ಗಟ್ಟಿಯಾಗದ ಹಾಗೆ ಮೊದಲೇ ಒಂದು ಉಪ್ಪಿನ ನೀರು ಹಾಕಿಟ್ಟ ಸೀಸೆಗಳವು, ತೊಳೆದವನು ನಾನೇ. ತುಂಬಿದ ಮೇಲೆ ಅವು ತಣ್ಣನೆಯ ಬೀರುವಿನೊಳಗೆ ಹೋದವು. ಗಣಿಯ ಊರಿಗೆ ಕರೆಂಟು ಬಹಳ ಹಿಂದೆಯೇ ಬಂದಿದ್ದರಿಂದ ನಮ್ಮಲ್ಲಿ ಅಂಥದೊಂದು ಬೀರು ಇತ್ತು. ಸದಾ ಜೇನುಹುಳದಂತೆ ಗುಂಯ್‌ಗುಡುತ್ತಿತ್ತು. ಅದು ಸುಮ್ಮನಾದರೆ ಚಿಂತೆ, ಜೋರಾದರೂ ಚಿಂತೆ. ಸೀಸೆ ಅಲ್ಲಾಡಬಾರದೆಂದು ಡಾಕ್ಟರು ಹೇಳಿದ್ದರಿಂದ ನಾನು ಆ ಕೋಣೆಯಲ್ಲಿ ಬೆಕ್ಕಿನ ಹಾಗೆ ನಡೆಯುತ್ತಿದ್ದೆ. ಮರುದಿನ ನೋಡಿದರೆ ಕೆಂಪೆಲ್ಲ ಅಡಿಗೆ ಕೂತು, ಮೇಲೆ ಎಳ್ಳೆಣ್ಣೆಯ ಬಣ್ಣದ ತಿಳಿ ನಿಂತಿತ್ತು. ಉದ್ದ ಸೂಜಿ ಇಳಿಸಿ ಆ ತಿಳಿಯನ್ನು ಮಾತ್ರ ಮೆಲ್ಲಗೆ ಎಳೆದು, ಎಲ್ಲರದನ್ನೂ ಬೆರೆಸಿ ಬೇರೆ ಸೀಸೆಗೆ ತುಂಬಿದರು. ಇಷ್ಟು ವರ್ಷ ನನ್ನೊಳಗೆ ಓಡಾಡುತ್ತಿದ್ದದ್ದು ಹೀಗೆ ಎರಡಾಗುತ್ತದೆಂದು ಕಂಡು ನನಗೆ ನನ್ನ ಬಗ್ಗೆಯೇ ಸ್ವಲ್ಪ ಅನುಮಾನ ಬಂತು.

ಇದಾದ ಸ್ವಲ್ಪ ದಿನಕ್ಕೆ ನನ್ನ ವೀಳ್ಯಶಾಸ್ತ್ರ. ಹೆಣ್ಣಿನ ತಂದೆ ಅಲ್ಲೇ ನಂದಿದುರ್ಗ ಎಂಬ ಹೆಸರಿನ ಗಣಿಯಲ್ಲಿ ಮರಗೆಲಸದವರು, ಮನೆ ಗಣಿ ಕೆಲಸಗಾರರ ಲೈನಿನಲ್ಲಿ. ಒಂದಕ್ಕೊಂದು ಬೆನ್ನು ಕೊಟ್ಟು ನಿಂತ ತಗಡಿನ ಮನೆಗಳು. ಒಂದು ಮನೆಯಲ್ಲಿ ಒಗ್ಗರಣೆ ಹಾಕಿದರೆ ಸಾಲಿಗೆ ಸಾಲೇ ಸೀನುವುದು. ಚಿಂತೆ ಎಂಬ ಪದಾರ್ಥವನ್ನೇ ಕಾಣದ ಮನುಷ್ಯ ಅವರು. ಯಾರ ಮನೆಯ ಮದುವೆಯಾದರೂ ಅನ್ನದ ತಪ್ಪಲೆ ಬಸಿಯುವ ಕೆಲಸ ತಮ್ಮದೇ ಎಂದು ಪಟ್ಟು ಹಿಡಿಯುವರು. ಕುದಿಯುವ ತಪ್ಪಲೆಯ ಬಾಯಿಗೆ ಬಟ್ಟೆ ಕಟ್ಟಿ, ಗೋಣಿತಟ್ಟಿನಿಂದ ಎರಡೂ ಕಡೆ ಹಿಡಿದು, ಒಂದೇ ಏಟಿಗೆ ಬಗ್ಗಿಸಿ, ಗಂಜಿ ಹರಿದು ಹೋಗುವವರೆಗೂ ಕಥೆ ಹೇಳುತ್ತಾ ನಿಲ್ಲುವರು. ಅಂದು ಮಗಳ ಕಾರ್ಯ. ಅಕ್ಕಿಗೆ ಪರದಾಡುತ್ತಿದ್ದ ಕಾಲದಲ್ಲಿ ಹೇಗೋ ಹೊಂಚಿಕೊಂಡು ತಂದ ಅಕ್ಕಿ.

“ಮಾವಾ, ಇಬ್ಬರು ಹಿಡಿಯೋಣ,” ಎಂದೆ ನಾನು.

“ಏಯ್, ಕೂತ್ಕೋ ಅಳಿಮಯ್ಯ! ನೀನು ಇಡಿದ್ರೆ ಅನ್ನಾನೂ ಎದ್ರಿಕೊಂಡು ಎದ್ದು ಓಯ್ತದೆ,” ಎಂದು ಅವರು ನಕ್ಕರು. ನಗುತ್ತಿದ್ದಂತೆಯೇ ಬಟ್ಟೆಯ ಗಂಟು ಜಾರಿತು. ಕುದಿಯುವ ಗಂಜಿ ಹೊಟ್ಟೆಯಿಂದ ತೊಡೆಯವರೆಗೆ ಸುರಿಯಿತು.

ಒಬ್ಬರು ಸಗಣಿ ತಂದರು, ಒಬ್ಬರು ಸುಣ್ಣ ಕಲಸಿದರು. “ಏನೂ ಹಚ್ಚಬೇಡಿ!” ಎಂದು ನಾನು ಕಿರುಚಿಕೊಂಡೆ. ಶುಭ್ರವಾದ ಪಂಚೆ ಸುತ್ತಿ, ಜಟಕಾದಲ್ಲಿ ಮಲಗಿಸಿಕೊಂಡು ನಮ್ಮ ಆಸ್ಪತ್ರೆಗೇ ಕರೆತಂದೆವು.

ಬಂದಾಗ ಮಾತಾಡುತ್ತಿದ್ದವರು ಹೊತ್ತು ಇಳಿಯುವಷ್ಟರಲ್ಲಿ ತಣ್ಣಗಾಗತೊಡಗಿದರು. ನೀರು, ನೀರು ಎಂಬುದೊಂದೇ ಮಾತು. ನಾಡಿ ದಾರದಷ್ಟು ಸಣ್ಣದಾಯಿತು. ಬಾಗಿಲಲ್ಲಿ ಅವರ ಅಕ್ಕ ನಿಂತಿದ್ದರು. ತವರಿಗೆ ಬಂದು ನೆಲೆಸಿ, ತಮ್ಮನ ಸಂಸಾರದ ಎಲ್ಲ ವಿಷಯಕ್ಕೂ ಹೈಕೋರ್ಟಾಗಿದ್ದ ಹೆಂಗಸು. ನನ್ನವಳಾಗಲಿದ್ದವಳಿಗೆ ಸೋದರತ್ತೆ.

“ನನ್ನ ರಕ್ತ ತಕ್ಕೊಳ್ಳಿ ಡಾಕಟ್ರೇ. ಎಷ್ಟಾದ್ರೂ ತಕ್ಕೊಳ್ಳಿ, ನನ್ನ ತಮ್ಮ ಉಳಿದ್ರೆ ಸಾಕು.”

“ಕೆಂಪು ಬೇಡಮ್ಮಾ,” ಎಂದರು ಡಾಕ್ಟರು. “ಅವನ ರಕ್ತ ಎಲ್ಲೂ ಹೋಗಿಲ್ಲ. ಸುಟ್ಟ ಚರ್ಮದಲ್ಲಿ ಅದರ ನೀರು ಮಾತ್ರ ಸೋರ್ತಾ ಇದೆ. ಒಲೆ ಮೇಲೆ ಸಾಂಬಾರು ಬತ್ತಿದರೆ ಹೇಗೆ? ಹಾಗೆ ಒಳಗೆ ಗಟ್ಟಿ ಆಗ್ತಾ ಇದೆ. ಅದಕ್ಕೆ ಮತ್ತೆ ಬೇಳೆ ಹಾಕಬಾರದು, ತಿಳಿ ಹಾಕಬೇಕು.”

“ಅಂಗಾದ್ರೆ ಬರೀ ನೀರು ಬಿಡಿ.”

“ಬರೀ ಉಪ್ಪುನೀರು ನಿಲ್ಲಲ್ಲಮ್ಮಾ, ಬಂದ ದಾರೀಲೇ ಸೋರಿಬಿಡತ್ತೆ. ರಕ್ತದ ತಿಳಿಯಲ್ಲಿ ಒಂದು ಅಂಟು ಉಂಟು, ಅದು ನೀರನ್ನು ನರದೊಳಗೇ ಹಿಡಿದು ನಿಲ್ಲಿಸತ್ತೆ.”

ನಾನು ಬೀರುವಿನಿಂದ ಸೀಸೆ ತಂದೆ. ಸ್ವಲ್ಪ ಬೆಚ್ಚಗೆ ಮಾಡಿ, ಜರಡಿ ಇದ್ದ ಕೊಳವೆ ಜೋಡಿಸಿ, ಕಂಬಿಗೆ ತೂಗುಹಾಕಿದೆವು. ಸೋದರತ್ತೆ ಅದನ್ನೇ ದಿಟ್ಟಿಸಿದರು.

“ಇದೇನ್ಲಾ ಅಳಿಮಯ್ಯ, ಅಳದಿ? ಸೀಸೆ ತೊಳ್ದ ನೀರು ತಂದ್ಯೇನ್ಲಾ?”

ನಾನು ಹನಿ ಬೀಳುವುದನ್ನು ನೋಡುತ್ತಿದ್ದೆ. ಬೇರೆಯವರ ತಿಳಿ ಕೆಲವರಿಗೆ ಒಗ್ಗುವುದಿಲ್ಲ. ಚಳಿ ಬಂದರೆ, ಮೈಮೇಲೆ ಕೆಂಪು ಗಂಧೆ ಎದ್ದರೆ ಕೂಡಲೇ ನಿಲ್ಲಿಸಬೇಕೆಂದು ಡಾಕ್ಟರು ನನ್ನನ್ನು ಕಾವಲು ಕೂರಿಸಿದ್ದರು. ಕಾವಲಿಗೆ ನನಗಿಂತ ತಕ್ಕವನು ಮೈಸೂರು ಸಂಸ್ಥಾನದಲ್ಲೇ ಇರಲಿಲ್ಲ. ಅವರಿಗೆ ಚಳಿ ಬರಲಿಲ್ಲ, ನನಗೆ ಬಂತು.

ಒಂದು ಸೀಸೆ ಮುಗಿದು ಇನ್ನೊಂದು ಏರಿತು. ಕೈ ಬೆಚ್ಚಗಾಯಿತು. ನಾಡಿ ದಾರದಿಂದ ಹುರಿಯಾಯಿತು. ಆದರೂ ಡಾಕ್ಟರಿಗೆ ಸಮಾಧಾನವಿಲ್ಲ, ಮತ್ತೆ ಮತ್ತೆ ಬಂದು ಕೇಳುವುದು ಒಂದೇ ಪ್ರಶ್ನೆ: “ಒಂದಕ್ಕೆ ಹೋದನಾ?” ಮೈಯಲ್ಲಿ ನೀರು ನಿಂತಿದೆ ಎನ್ನುವುದಕ್ಕೆ ಅದೇ ಸಾಕ್ಷಿಯಂತೆ. ಕಡೆಗೆ ಮಾವ ಪಾತ್ರೆ ಕೇಳಿದಾಗ ವಾರ್ಡಿಗೆ ವಾರ್ಡೇ ಕಿವಿಗೊಟ್ಟಿತು. ಒಬ್ಬ ಮನುಷ್ಯ ಉಚ್ಚೆ ಹೊಯ್ದದ್ದಕ್ಕೆ ನೆಂಟರಿಷ್ಟರು ಕೈಮುಗಿದದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಆ ಸಂತೋಷದಲ್ಲಿ ಡಾಕ್ಟರು ನನ್ನ ಬೆನ್ನು ತಟ್ಟಿ ಎಲ್ಲರೆದುರಿಗೆ ಹೇಳಿಬಿಟ್ಟರು: “ಅಮ್ಮಾ, ಈ ಸೀಸೆಯಲ್ಲಿ ನಿಮ್ಮ ಅಳಿಯ ಕೊಟ್ಟದ್ದೂ ಉಂಟು!”

ಸುಟ್ಟಗಾಯ, ಕೀವು, ಜ್ವರ, ನಾಡಿ, ಬೀರುವಿನ ಕರೆಂಟು, ಎಲ್ಲದರ ಬಗ್ಗೆಯೂ ಚಿಂತಿಸಿದ್ದವನು ನಾನು. ಇದೊಂದರ ಬಗ್ಗೆ ಚಿಂತಿಸುವುದನ್ನು ಮರೆತಿದ್ದೆ. ಸೋದರತ್ತೆಯ ಮುಗಿದಿದ್ದ ಕೈ ಮೆಲ್ಲಗೆ ಕೆಳಗಿಳಿಯಿತು.

ಮರುದಿನ ಅವರು ನನ್ನನ್ನು ವರಾಂಡದ ಮುಂದಿನ ಬೇವಿನ ಮರದಡಿಗೆ ಕರೆದರು.

“ಅಳಿಮಯ್ಯ, ನಿಮ್ದು ಯಾವ ಬೆಡಗು?”

“ಜೀರಿಗೆ.”

“ನಮ್ದು?”

“ಅರಿಶಿನ.”

“ಈಗ ನನ್ನ ತಮ್ಮನ್ದು?”



ನಮ್ಮ ಕಡೆ ಬೆಡಗು ಎಂದರೆ ತಂದೆಯಿಂದ ಮಕ್ಕಳಿಗೆ ರಕ್ತದಲ್ಲಿ ಇಳಿದು ಬರುವ ಮನೆತನದ ಗುರುತು. ಒಂದೇ ಬೆಡಗಿನವರೆಲ್ಲ ಅಣ್ಣತಮ್ಮಂದಿರು, ಅಕ್ಕತಂಗಿಯರು. ಅವರೊಳಗೆ ಮದುವೆ ಇಲ್ಲ. ಸಾಲ, ಜಗಳ, ಕುಡಿತ ಯಾವುದನ್ನಾದರೂ ನೆಂಟರು ಹೊಟ್ಟೆಗೆ ಹಾಕಿಕೊಂಡಾರು, ಇದನ್ನು ಮಾತ್ರ ಯಾರೂ ಹಾಕಿಕೊಳ್ಳರು.

“ಆದರೆ ಅತ್ತೆ, ಮಗಳು ಹುಟ್ಟಿದ್ದು ಮೊದಲೇ ಅಲ್ವೇ? ತಿಳಿ ಏರಿಸಿದ್ದು ನಿನ್ನೆ,” ಎಂದೆ ಕಷ್ಟಪಟ್ಟು.

“ಅವಳು ಅರಿಶಿನಾನೇ, ನಾನೇನು ಇಲ್ಲ ಅಂದ್ನಾ? ಆದ್ರೆ ಧಾರೆ ಎರೆಯೋ ಕೈ ಯಾರ್ದು? ಅವನ್ದು. ಅವನ ಮೈನಾಗೆ ಓಡಾಡ್ತಾ ಇರೋದು ಯಾರ್ದು? ನಿನ್ದು. ಜೀರಿಗೆಯವ್ನು ಜೀರಿಗೆಯವ್ನಿಗೆ ಎಣ್ಣು ಕೊಟ್ಟಂಗಾಗಲ್ವೇನ್ಲಾ?”

ಚಿಂತೆ ಮಾಡುವುದರಲ್ಲಿ ನಾನೇ ಪಂಡಿತನೆಂದುಕೊಂಡಿದ್ದೆ. ಈಕೆಯ ಎದುರು ನಾನಿನ್ನೂ ಅಕ್ಷರ ತಿದ್ದುವ ಮರಳಿನ ಮುಂದೆ ಕೂತ ಶಿಷ್ಯ. ಇಡೀ ದಿನ ಸೀಸೆ ತೊಳೆಯುತ್ತಾ ಯೋಚಿಸಿದೆ. ಅವರ ವಾದದಲ್ಲಿ ಒಂದು ತೂತೂ ಕಾಣಲಿಲ್ಲ. ಅಷ್ಟೇ ಅಲ್ಲ, ಅದರೊಳಗಿಂದ ಮರಿಚಿಂತೆಗಳು ಹೊರಬಂದವು. ಸೀಸೆಯಲ್ಲಿ ಕಾಂಪೌಂಡರದೂ ಇತ್ತಲ್ಲ? ನರ್ಸಮ್ಮನದೂ ಇತ್ತಲ್ಲ? ಸೋದರತ್ತೆಗೂ ಅದು ಹೊಳೆಯದೆ ಇರಲಿಲ್ಲ.

“ಆ ದೊರಸಾನಿ ನರ್ಸಮ್ಮಂಗೆ ಏನಾನ ಆದ್ರೆ ನನ್ನ ತಮ್ಮ ಸೂತಕ ಇಡೀಬೇಕಾ?” ಎಂದು ಮಾರನೆಯ ದಿನ ಕೇಳಿದರು. ಪಕ್ಕದ ಮಂಚದ ಮುದುಕ ಕೆಮ್ಮುವ ನೆಪದಲ್ಲಿ ನಕ್ಕ.

ನನ್ನವಳಾಗಲಿದ್ದವಳು ತಂದೆಗೆ ಊಟ ತರುತ್ತಿದ್ದಳು. ಮದುವೆಗೆ ಮುಂಚೆ ಮಾತಾಡುವ ಹಾಗಿಲ್ಲ. ನಾನು ಎದುರಾದರೆ ಗೋಡೆಯ ಕಡೆ ತಿರುಗುವಳು. ಅಂದು ಮಾತ್ರ ಬುತ್ತಿಯ ಗಂಟು ಬಿಚ್ಚುತ್ತಾ, ಗೋಡೆಗೇ ಹೇಳಿದಳು:

“ಇನ್ಮೇಲೆ ನಮ್ಮೋರಿಗೆ ಯಾರ್ಗೂ ಏನೂ ಕೊಡ್ಬೇಡಿ. ಮದುವೆ ಆಗೋಗಂಟ.”

ನನಗೆ ಆ ಮಾತಿನಲ್ಲಿ ಬೈಗುಳವೆಲ್ಲ ಬಿಟ್ಟುಹೋಗಿ ಕೊನೆಯ ತುಂಡು ಮಾತ್ರ ಕೇಳಿಸಿತು. ಈ ಮದುವೆ ನಡೆಯದಿದ್ದರೆ ನನಗೆ ಇನ್ನೊಂದು ಮದುವೆ ಬೇಡ ಎನ್ನುವುದು ಖಚಿತವಾದದ್ದು ಆಗಲೇ.

ಸುದ್ದಿ ನಮ್ಮೂರಿಗೂ ಮುಟ್ಟಿ, ವಾರದೊಳಗೆ ನನ್ನ ತಾಯಿ ರೈಲು ಹತ್ತಿ ಬಂದಳು, ಸೊಂಟದಲ್ಲಿ ಮಜ್ಜಿಗೆಯ ಗಡಿಗೆ ಇಟ್ಟುಕೊಂಡು. ನಮ್ಮ ಮನೆಯಲ್ಲಿ ಎಮ್ಮೆ ಇತ್ತು. ಹಾಲು ರಾಬರ್ಟ್‌ಸನ್‌ಪೇಟೆಯ ಹೋಟೆಲಿಗೆ, ಬೆಣ್ಣೆ ಸಂತೆಗೆ. ಮಜ್ಜಿಗೆ ಮಾತ್ರ ಮಾರುವ ಹಾಗಿಲ್ಲ. ಕಡೆದ ದಿನ ಊರಿನವರು ಚೊಂಬು ಹಿಡಿದು ಬರುವರು, ಯಾರಾದರೂ ಸರಿ; ಇಲ್ಲವೆನ್ನಬಾರದು, ಕಾಸು ಮುಟ್ಟಬಾರದು. ಮುಟ್ಟಿದರೆ ಎಮ್ಮೆ ಬತ್ತುತ್ತದೆ ಎಂದು ನಂಬಿಕೆ.

ಬಂದವಳು ಮೊದಲು ಮಾವನನ್ನು ನೋಡಿದಳು. ಗಾಯ ಒಣಗುತ್ತಿತ್ತು. ಆಮೇಲೆ ಬೀಗತಿಗೆ, ಅಂದರೆ ಸೋದರತ್ತೆಗೆ, ಒಂದು ಲೋಟ ಮಜ್ಜಿಗೆ ಕೊಟ್ಟು, ಪಕ್ಕದಲ್ಲಿ ಕೂತು, ಎಲ್ಲವನ್ನೂ ಕೇಳಿಸಿಕೊಂಡಳು. ಕೇಳಿ ನನ್ನ ಕಡೆ ತಿರುಗಿದಳು.

“ಆ ಸೀಸೆ ನೋಡ್ಬೇಕಲ್ಲಾ ಮಗ.”

ನಾನು ಹೋಗಿ ಡಾಕ್ಟರ ಮುಂದೆ ತಲೆ ಕೆರೆದುಕೊಂಡು ನಿಂತೆ. ಅವರು ಎಲ್ಲ ಕೇಳಿ ಬಿದ್ದು ಬಿದ್ದು ನಕ್ಕರು. ಆದರೆ ಬೇಡವೆನ್ನಲಿಲ್ಲ. ಹೊಸದಾಗಿ ತೆಗೆದಿಟ್ಟ ರಕ್ತದ ಸೀಸೆಯೊಂದು ಬೀರುವಿನಲ್ಲಿತ್ತು. ಬಾಗಿಲು ತೆರೆದಾಗ ಬಂದ ತಣ್ಣನೆ ಗಾಳಿಗೆ ಇಬ್ಬರು ಹೆಂಗಸರೂ ಹಿಂದೆ ಸರಿದರು. ಸೋದರತ್ತೆ ಸೆರಗಿನಿಂದ ಮೂಗು ಮುಚ್ಚಿ, ಕಣ್ಣು ಮಾತ್ರ ಹೊರಗೆ ಬಿಟ್ಟು ಬಗ್ಗಿದರು. ಅಡಿಯಲ್ಲಿ ಕೆಂಪು, ಮೇಲೆ ಹಳದಿ, ನಡುವೆ ಗೀರೆಳೆದ ಹಾಗೆ ಗೆರೆ.

“ಕಡೆದಿಟ್ಟ ಗಡಿಗೆ ಇದ್ದಂಗೈತೆ ಕಣೆ,” ಎಂದಳು ತಾಯಿ ಅಚ್ಚರಿಯಿಂದ. “ಆದ್ರೆ ಬೆಣ್ಣೆ ಮೇಲಕ್ಕೆ ಬರೋ ಬದ್ಲು ಕೆಳಿಕ್ಕೆ ಓಗೈತೆ.”

“ನೋಡಮ್ಮಾ,” ಎಂದು ಡಾಕ್ಟರು ಸೋದರತ್ತೆಗೆ ತೋರಿಸಿದರು. “ರಕ್ತದಲ್ಲೂ ಗುಂಪು ಉಂಟು. ಒಂದು ಗುಂಪಿನ ಕೆಂಪು ಇನ್ನೊಂದಕ್ಕೆ ಸೇರಲ್ಲ, ಸೇರಿಸಿದರೆ ಆಳು ಸಾಯ್ತಾನೆ. ಆ ಗುಂಪಿನ ಗುರುತು ಇರೋದು ಕೆಂಪಿನ ಕಣದ ಮೇಲೆ.”

“ಅಂದ್ರೆ ರಕ್ತಕ್ಕೂ ಬೆಡಗು ಐತೆ ಅನ್ನಿ!” ಸೋದರತ್ತೆಯ ಸೆರಗು ಮೂಗಿನಿಂದ ಜಾರಿತು. “ನಾನು ಏಳ್ದಾಗ ಈ ಉಡುಗ ನಗ್ತಾ ಇದ್ದ.”

ನಾನು ನಕ್ಕಿರಲಿಲ್ಲ. ನಗುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ.

“ಈ ಅಳದಿನಾಗೆ ಏನೂ ಇಲ್ವಾ?” ಎಂದು ಸೋದರತ್ತೆ ಮೇಲಿನ ತಿಳಿಯತ್ತ ಬೆರಳು ಮಾಡಿದರು.

ಡಾಕ್ಟರು ಸುಳ್ಳು ಹೇಳುವವರಲ್ಲ. ಅವರು ಗಲ್ಲ ತುರಿಸಿಕೊಂಡರು.

“ಅದರಲ್ಲೂ ಸೊಲ್ಪ ಜಗಳಗಂಟತನ ಉಂಟಮ್ಮಾ. ಆದರೆ ಹಲವರದು ಬೆರೆಸಿದರೆ ಒಬ್ಬರದನ್ನು ಒಬ್ಬರದು ಸಪ್ಪೆ ಮಾಡಿಬಿಡತ್ತೆ. ಮತ್ತೆ, ಅದು ಮೈಯಲ್ಲಿ ಉಳಿಯೋದೂ ಇಲ್ಲ. ಸೊಲ್ಪ ದಿನ ಕೆಲಸ ಮಾಡಿ ಹೋಗಿಬಿಡತ್ತೆ. ಆಮೇಲೆ ಇರೋದೆಲ್ಲ ಅವನದೇ.”

ಸೋದರತ್ತೆ ಬೇವಿನ ಮರದಡಿಗೆ ಬಂದು ಕೂತರು. ತಾಯಿಯೂ ಕೂತಳು.

“ಬೀಗ್ತಮ್ಮ,” ಎಂದಳು, “ಒಂದು ಕೂಸು ನನ್ನ ಎದೆಯಾಲು ಕುಡಿದ್ರೆ ಅದು ನನ್ನ ಮಗನಿಗೆ ತಮ್ಮ ಆಯ್ತದೆ. ಅದು ನಾನೂ ಒಪ್ತೀನಿ. ಆದ್ರೆ ಮಜ್ಜಿಗೆ? ನಮ್ಮ ಊರ್ನಾಗೆ ನಮ್ಮ ಮಜ್ಜಿಗೆ ಕುಡೀದೆ ಇರೋರು ಯಾರವ್ರೆ? ಅದ್ರಿಂದ ನೆಂಟಸ್ತನ ಕಟ್ಟೋದಾದ್ರೆ ನನ್ನ ಮಗನಿಗೆ ಎಣ್ಣು ತರಕ್ಕೆ ಸೀಮೆ ದಾಟ್ಬೇಕು. ಈಗ ನೀನೂ ಒಂದು ಲೋಟ ಕುಡಿದ್ಯಲ್ಲ?”

ಸೋದರತ್ತೆ ಕೈಯಲ್ಲಿದ್ದ ಖಾಲಿ ಲೋಟವನ್ನು ನೋಡಿದರು.

“ಕುಡಿದೆ,” ಎಂದರು. “ಉಪ್ಪು ಜಾಸ್ತಿ ಆಗಿತ್ತು.” ಲೋಟವನ್ನು ಕೆಳಗಿಟ್ಟು, “ನೋಡಾನ,” ಎಂದರು.

ಆ ‘ನೋಡಾನ’ ಎಂಬ ಒಂದು ಮಾತಿನ ಮೇಲೆ ನಾನು ಮದುವೆಯ ದಿನದವರೆಗೂ ಬದುಕಿದೆ. ಲಗ್ನ ಗೊತ್ತು ಮಾಡಿದರು, ಚಪ್ಪರ ಹಾಕಿದರು, ಯಾರೂ ಏನೂ ಅನ್ನಲಿಲ್ಲ. ಯಾರೂ ಏನೂ ಅನ್ನದಿರುವುದೇ ನನಗೆ ಅಪಶಕುನವೆನ್ನಿಸಿತು.

ನಮ್ಮಲ್ಲಿ ಧಾರೆಗೆ ಮುಂಚೆ ಎರಡೂ ಕಡೆಯ ಹಿರಿಯರು ಚಪ್ಪರದಲ್ಲಿ ನಿಂತು ತಮ್ಮ ಬೆಡಗನ್ನು ಗಟ್ಟಿಯಾಗಿ ಹೇಳಬೇಕು. ನಮ್ಮ ಕಡೆಯಿಂದ ದೊಡ್ಡಪ್ಪ ಜೀರಿಗೆ ಎಂದರು. ಹೆಣ್ಣಿನ ಕಡೆಯಿಂದ ಸೋದರತ್ತೆ ಎದ್ದರು, ಅವರಿಗಿಂತ ಹಿರಿಯರು ಅಲ್ಲಿರಲಿಲ್ಲ. ತಮ್ಮನ ಕಡೆ ನೋಡಿದರು. ನನ್ನ ಕಡೆ ನೋಡಿದರು. ಗಂಟಲು ಸರಿಮಾಡಿಕೊಂಡರು. ಬಾಸಿಂಗದೊಳಗೆ ನಾನು ಬೆವರಿದೆ.

“ಅರಿಶಿನ,” ಎಂದರು. ಆಮೇಲೆ ಮುಂದಿನ ಸಾಲಿನವರಿಗೆ ಮಾತ್ರ ಕೇಳುವ ಹಾಗೆ, “ಸೊಲ್ಪ ಮಜ್ಜಿಗೆ ಬೆರ್ತೈತೆ, ನಡೀತದೆ,” ಎಂದರು.

ಮಾವ ಧಾರೆ ಎರೆದರು. ನೀರು ನನ್ನ ಮೊಣಕೈವರೆಗೂ ಹರಿಯಿತು. ಅದು ಮುಗಿದದ್ದೇ ತಡ, ಅವರು ಅಡಿಗೆಯ ಕಡೆ ಓಡಿದರು. ಎಲ್ಲರೂ ಹೆದರಿದೆವು. ಆದರೆ ಅವರು ತಪ್ಪಲೆ ಮುಟ್ಟಲಿಲ್ಲ. ದೂರದ ಕಂಬವೊಂದನ್ನು ತಬ್ಬಿ ನಿಂತು ಕೂಗತೊಡಗಿದರು:

“ಗಂಟು ಸರಿಯಾಗೈತಾ ನೋಡ್ರಪ್ಪಾ! ಇನ್ನೊಂದು ಗಂಟು ಆಕ್ರಿ! ಆ ಮಕ್ಳನ್ನ ಆಚೆ ಕಳ್ಸಿ! ಕಾಲ್ಕೆಳಗೆ ನೀರು ಐತೇನೋ ನೋಡ್ರಿ, ಜಾರ್ತೈತೆ! ಗಾಳಿ ಎಂಗೆ ಬೀಸ್ತೈತೆ?”

ಅನ್ನ ಬಸಿಯುತ್ತಿದ್ದವರು ಕೈ ನಿಲ್ಲಿಸಿ ಅವರನ್ನು ನೋಡಿದರು. ಅತ್ತೆಯೂ, ಅಂದರೆ ನನ್ನ ಹೆಂಡತಿಯ ತಾಯಿಯೂ, ಗಂಡನನ್ನೇ ನೋಡುತ್ತಾ ನಿಂತರು. ಇಪ್ಪತ್ತು ವರ್ಷ ಸಂಸಾರ ಮಾಡಿದ ಗಂಡಸು ಇವನೇನಾ ಎನ್ನುವ ಹಾಗೆ.

“ಆ ತಿಳಿ ಮೈನಾಗೆ ಉಳಿಯಲ್ಲ ಅಂದಿದ್ರು ಡಾಕ್ಟ್ರು,” ಎಂದರು ಸೋದರತ್ತೆ, ನಿಧಾನವಾಗಿ ನನ್ನ ಕಡೆ ತಿರುಗುತ್ತಾ. “ಬೆಡಗು ಉಳಿದಿಲ್ಲ ದಿಟ. ಬೇರೆ ಏನೋ ಒಂದು ಉಳ್ಕಂಡೈತೆ.”

ಚಪ್ಪರವೆಲ್ಲ ನನ್ನನ್ನು ನೋಡಿತು. ಪಕ್ಕದಲ್ಲಿ ಸೆರಗಿನ ಗಂಟು ಹಾಕಿಸಿಕೊಂಡು ಕೂತಿದ್ದವಳ ಭುಜ ಅಲುಗುತ್ತಿತ್ತು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ತಿಳಿಯದೆ ನನಗೆ ಚಿಂತೆಯಾಯಿತು. ಈಗಲೂ ಕೇಳಿದರೆ ಅವಳು ಹೇಳುವುದಿಲ್ಲ.